ಊರೇ ಪ್ರಾರ್ಥಿಸಿದ ಮಂಡಿ

ನನ್ನ ತಮ್ಮ ಡೆಲ್ಬರ್ಟ್ ಯೋಕಮ್‌ಗೆ ಸುಳ್ಳು ಹೇಳಲು ಬರುವುದಿಲ್ಲ. ಇದನ್ನು ಹೊಗಳಿಕೆಯೆಂದು ತಿಳಿಯಬೇಡಿ. ಈಜು ಬಾರದವನು ನೀರಿಗೆ ಬಿದ್ದರೆ ಕೈಗೆ ಸಿಕ್ಕವರನ್ನು ಹಿಡಿದುಕೊಂಡೇ ಮುಳುಗುತ್ತಾನಲ್ಲ, ಇವನೂ ಹಾಗೆ. ನಲವತ್ತು ದಾಟಿದ ಮೇಲೆ ಒಂದೇ ಒಂದು ಸುಳ್ಳು ಹೇಳಿದ. ಅವನ ಕೈಗೆ ಸಿಕ್ಕಿದ್ದು ಹೆತ್ತ ಮಗ.

ನಮ್ಮ ಹ್ಯಾಕ್ಸ್‌ಬಿ ಇರುವುದು ಪಶ್ಚಿಮ ಟೆಕ್ಸಸ್ಸಿನ ಹತ್ತಿ ಬಯಲಿನಲ್ಲಿ. ಅಲ್ಲಿ ಡೆಲ್ಬರ್ಟ್ ಗ್ಯಾಸ್ ಲಾರಿ ಓಡಿಸುತ್ತಾನೆ. ಮನೆಮನೆಯ ಹಿತ್ತಲಿನ ಟ್ಯಾಂಕಿಗೆ ಗ್ಯಾಸ್ ತುಂಬಿಸುವುದು ಕೆಲಸ. ಊರಿನ ಅಷ್ಟೂ ನಾಯಿಗಳಿಗೆ ಅವನ ಗುರುತಿದೆ, ಮನುಷ್ಯರ ಜೊತೆ ಮಾತ್ರ ಮಾತು ಕಡಿಮೆ. ಮದುವೆಯ ದಿನ ಚರ್ಚಿನಲ್ಲಿ ಎಷ್ಟು ಮೆಲ್ಲಗೆ ಒಪ್ಪಿಗೆ ಹೇಳಿದನೆಂದರೆ, ನೆಲ್ಡಾ ಮೊಣಕೈಯಲ್ಲಿ ತಿವಿದು ಇನ್ನೊಮ್ಮೆ ಹೇಳಿಸಬೇಕಾಯಿತು. ನೆಲ್ಡಾ ಅಂದಿನಿಂದ ಇಂದಿನವರೆಗೂ ತಿವಿಯುತ್ತಲೇ ಇದ್ದಾಳೆ, ಪಾಪ.

ಶುಕ್ರವಾರ ಸಂಜೆ ಮಾತ್ರ ನನ್ನ ತಮ್ಮನ ಬೆನ್ನು ನೆಟ್ಟಗಾಗುತ್ತದೆ. ಅಂದು ಹೈಸ್ಕೂಲಿನ ಫುಟ್‌ಬಾಲ್. ಹೆಲ್ಮೆಟ್ ತೊಟ್ಟು, ಹೆಗಲಿಗೆ ಹೆಗಲು ಗುದ್ದಿ, ಚೆಂಡು ಹಿಡಿದವನನ್ನು ನೆಲಕ್ಕೆ ಕೆಡವುವ ನಮ್ಮ ಕಡೆಯ ಫುಟ್‌ಬಾಲ್. ಅಂಗಡಿಗಳು ಬೇಗ ಮುಚ್ಚುತ್ತವೆ, ಊರಿಗೆ ಊರೇ ಗ್ಯಾಲರಿ ಹತ್ತಿ ಕೂರುತ್ತದೆ. ಚೆಂಡು ಹತ್ತು ಗಜ ಮುಂದೆ ಹೋಯಿತೋ ಇಲ್ಲವೋ ಎಂದು ಅಳೆಯಲು ಮೈದಾನದ ಅಂಚಿನಲ್ಲಿ ಒಂದು ಸರಪಳಿ ಇರುತ್ತದೆ, ಅದರ ಎರಡು ತುದಿಗೆ ಎರಡು ಉದ್ದನೆಯ ಕೋಲು. ಕೋಲು ಹಿಡಿಯುವುದಕ್ಕೆ ಸಂಬಳವಿಲ್ಲ. ಊರು ನಂಬಿದ ಗಂಡಸರಿಗೆ ಮಾತ್ರ ಸಿಗುವ ಮರ್ಯಾದೆ ಅದು. ನಮ್ಮಪ್ಪ ಹಿಡಿಯುತ್ತಿದ್ದ ಕೋಲನ್ನು ಡೆಲ್ಬರ್ಟ್ ಹಿಡಿದ. ಅಪ್ಪ ಇದೊಂದನ್ನು ಬಿಟ್ಟು ಬೇರೇನೂ ಆಸ್ತಿ ಮಾಡಲಿಲ್ಲವಲ್ಲೋ ಎಂದು ನಾನು ರೇಗಿಸಿದರೆ, ಇಷ್ಟು ಸಾಲದೇ ಎನ್ನುತ್ತಿದ್ದ. ಅವನ ಮಟ್ಟಿಗೆ ಅದು ತಮಾಷೆಯಾಗಿರಲಿಲ್ಲ.

ಮಗ ಕೋಲ್ಬಿ ಅಪ್ಪನಂತಲ್ಲ. ಹದಿನಾರಕ್ಕೇ ಬಾಗಿಲು ತುಂಬುವಂಥ ಆಳು. ನಾನು ಶಾಲೆಯ ಊಟದ ಮನೆಯಲ್ಲಿ ಅಡುಗೆಯವಳು, ಅವನ ತಟ್ಟೆಗೆ ಎಷ್ಟು ಬಡಿಸಿದರೂ ಸಾಲದು. ಆ ಗಾತ್ರ ನೋಡಿಯೇ ಕೋಚ್ ಸ್ಟೀಡ್‌ಮನ್ ಅವನನ್ನು ಎಂಟನೇ ತರಗತಿಯಲ್ಲೇ ಹಿಡಿದುಹಾಕಿದ್ದರು. ಎದುರು ತಂಡದವರನ್ನು ತಡೆದು ಕೆಡವುವುದು ಅವನ ಪಾಲಿನ ಕೆಲಸ, ಚೆನ್ನಾಗಿಯೇ ಕೆಡವುತ್ತಿದ್ದ. ಬಾರ್ಬರ್ ಅವನಿಂದ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಮನೆಯ ಮುಂದಿನ ಹುಲ್ಲಿನಲ್ಲಿ ಅವನ ಹೆಸರೂ ನಂಬರೂ ಬರೆದ ಹಲಗೆ ನೆಟ್ಟಿತ್ತು, ಆಡುವ ಪ್ರತಿ ಹುಡುಗನ ಮನೆಯ ಮುಂದೆ ಇರುವಂತೆ.

ಹತ್ತಿಯ ಕಾಯಿ ಬಿರಿಯುವ ಹೊತ್ತಿನ ಒಂದು ಮಂಗಳವಾರ, ಊಟದ ಮೇಜಿನ ಮುಂದೆ, ಅವನು ಆಟ ಬಿಡುತ್ತೇನೆಂದ. ಮಂಗಳವಾರ ನಾನು ಅವರಲ್ಲೇ ಉಣ್ಣುವುದು. ನೆಲ್ಡಾ ಬೀನ್ಸ್ ಬೇಯಿಸಿದ್ದಳು, ಮೆಕ್ಕೆಜೋಳದ ರೊಟ್ಟಿ ಬೇಯಿಸಿದ್ದಳು. ಬೆಣ್ಣೆ ಕೊಡು ಎನ್ನುವ ದನಿಯಲ್ಲೇ ಹುಡುಗ ಹೇಳಿದ.

ಯಾಕೆ ಎಂದು ಡೆಲ್ಬರ್ಟ್ ಕೇಳಿದ. ಕೋಚ್ ಬೈದರೇ? ಇಲ್ಲ. ಯಾರಾದರೂ ಕಾಡುತ್ತಾರೆಯೇ? ಇಲ್ಲ. ಎಲ್ಲಾದರೂ ಪೆಟ್ಟಾಗಿದೆಯೇ? ಅದೂ ಇಲ್ಲ.

"ಏನೂ ಇಲ್ಲಪ್ಪ, ಇಷ್ಟ ಇಲ್ಲ ಅಷ್ಟೆ," ಎಂದ ಕೋಲ್ಬಿ. "ಶುಕ್ರವಾರ ಬಂತು ಅಂದ್ರೆ ಬೆಳಿಗ್ಗೆಯಿಂದ ಹೊಟ್ಟೆ ತೊಳಸುತ್ತೆ. ಎರಡು ವರ್ಷದಿಂದ ಹಿಂಗೇ. ಸರಿ ಹೋಗುತ್ತೆ ಅಂತ ನೋಡ್ದೆ. ಹೋಗ್ಲಿಲ್ಲ."

ನೆಲ್ಡಾ ಚಮಚ ಕೆಳಗಿಟ್ಟಳು. ಡೆಲ್ಬರ್ಟ್ ಬಹಳ ಹೊತ್ತು ರೊಟ್ಟಿ ಮುರಿಯುತ್ತಾ ಕೂತ. ಆಮೇಲೆ, ಸರಿ ಮಗಾ, ನಿನಗೆ ಬೇಡವಾದರೆ ಬೇಡ ಎಂದ. ಗುರುವಾರ ಶಾಲೆ ಬಿಟ್ಟ ಮೇಲೆ ಕೋಚ್‌ಗೆ ಹೇಳಬೇಕು, ಒಬ್ಬನೇ ಹೋಗಲು ಭಯ ಎಂದು ಹುಡುಗ ಹೇಳಿದಾಗ, ನಾನೂ ಜೊತೆಗೆ ಬರುತ್ತೇನೆಂದು ಮಾತು ಕೊಟ್ಟ. ಕೋಲ್ಬಿಯ ಮುಖ ಸಡಿಲವಾದ ರೀತಿ ನೋಡಬೇಕಿತ್ತು. ಎರಡು ವರ್ಷದಿಂದ ಆ ಮುಖ ಬಿಗಿದುಕೊಂಡಿತ್ತೆಂದು ನನಗೆ ಗೊತ್ತಾದದ್ದೇ ಆಗ. ನನ್ನ ತಮ್ಮನ ಬಗ್ಗೆ ಹೆಮ್ಮೆಯಾಗಿ ಇನ್ನೊಂದು ತುಂಡು ರೊಟ್ಟಿ ಹಾಕಿಸಿಕೊಂಡೆ. ಆ ಹೆಮ್ಮೆ ಮಾರನೆಯ ದಿನ ದಾಟಲಿಲ್ಲ.

ಬುಧವಾರ ಸಂಜೆ ಚರ್ಚಿನಲ್ಲಿ ಪ್ರಾರ್ಥನೆ ಕೂಟ. ಅವರವರ ಮನೆಯ ಕಷ್ಟವನ್ನು ಎದ್ದು ನಿಂತು ಹೇಳುವುದು, ಉಳಿದವರೆಲ್ಲ ಸೇರಿ ಅದಕ್ಕಾಗಿ ಬೇಡಿಕೊಳ್ಳುವುದು ನಮ್ಮ ಪದ್ಧತಿ. ಒಬ್ಬಾಕೆಯ ಕಣ್ಣಿನ ಪೊರೆ, ಇನ್ನೊಬ್ಬರ ಅಳಿಯನ ಕುಡಿತ, ಎಲ್ಲ ಆಯಿತು. ಆಗ ಮುಂದಿನ ಸಾಲಿನಿಂದ ಓರ್ವಲ್ ತಾತ ತಿರುಗಿ, ಕೋಲ್ಬಿ ಇವತ್ತು ಪ್ರ್ಯಾಕ್ಟೀಸಿನಲ್ಲಿ ಕಾಣಲಿಲ್ಲವಲ್ಲ, ಏನು ಸಮಾಚಾರ ಎಂದು ಡೆಲ್ಬರ್ಟ್‌ನನ್ನು ಕೇಳಿದರು. ಓರ್ವಲ್ ತಾತನಿಗೆ ಎಂಬತ್ತು ದಾಟಿದೆ. ದಿನಾ ಮಧ್ಯಾಹ್ನ ಕೋಲೂರಿಕೊಂಡು ಹೋಗಿ, ತಂತಿ ಬೇಲಿಯ ಹೊರಗಿನಿಂದ ಪ್ರ್ಯಾಕ್ಟೀಸ್ ನೋಡುವುದೇ ಅವರ ಉದ್ಯೋಗ.

ಚರ್ಚಿಗೆ ಚರ್ಚೇ ತಿರುಗಿ ನೋಡಿತು. ಕೋಚ್‌ರ ಹೆಂಡತಿಯೂ ಅಲ್ಲಿದ್ದಳು. ಡೆಲ್ಬರ್ಟ್ ಎದ್ದು ನಿಂತ. ಇಷ್ಟವಿಲ್ಲ ಎನ್ನುವ ಕಾಯಿಲೆಗೆ ನಮ್ಮೂರಲ್ಲಿ ಹೆಸರಿಲ್ಲ. ಮೂಳೆ ಮುರಿದರೆ ಅರ್ಥವಾಗುತ್ತದೆ, ಪರೀಕ್ಷೆಯಲ್ಲಿ ಫೇಲಾದರೂ ಬೈದುಕೊಂಡಾದರೂ ಅರ್ಥಮಾಡಿಕೊಳ್ಳುತ್ತಾರೆ. ಗಟ್ಟಿಮುಟ್ಟಾದ ಹುಡುಗ ಸುಮ್ಮನೆ ಬೇಡವೆಂದರೆ ಅದನ್ನು ಎಲ್ಲಿಡಬೇಕೆಂದು ಯಾರಿಗೂ ತಿಳಿಯದು. ನನ್ನ ತಮ್ಮನ ಕಿವಿ ಕೆಂಪಾಯಿತು.

"ಮಂಡಿ," ಎಂದ.

ಅಷ್ಟೇ ಸಾಕಾಯಿತು. ಅಯ್ಯೋ ಎಂದು ಹೆಂಗಸರು ಎದೆ ಮುಟ್ಟಿಕೊಂಡರು. ನಮ್ಮ ಪಾದ್ರಿ ಬ್ರದರ್ ಗೇಲನ್ ಕಣ್ಣು ಮುಚ್ಚಿ, ಆ ಎಳೆಯ ಮಂಡಿಯ ಮೇಲೆ ನಿನ್ನ ಕೈಯಿಡು ತಂದೆಯೇ ಎಂದು ಶುರುಮಾಡಿದರು. ಓರ್ವಲ್ ತಾತ ಮಂಡಿಯೊಳಗಿನ ಒಂದೊಂದು ನರದ ಹೆಸರು ಹಿಡಿದು ಬೇಡಿದರು. ಮೂವತ್ತು ವರ್ಷದಿಂದ ತಮ್ಮದೇ ಮಂಡಿ ಹಾಳಾಗಿ ಅವರಿಗೆ ಅದೆಲ್ಲ ಬಾಯಿಪಾಠ. ನೆಲ್ಡಾ ತಲೆ ತಗ್ಗಿಸಿ ಕೂತಿದ್ದಳು, ಆದರೆ ಕಣ್ಣು ಮುಚ್ಚಿರಲಿಲ್ಲ. ನನ್ನ ಕಡೆ ನೋಡಿದಳು. ನಾನು ಚಾವಣಿ ನೋಡಿದೆ.

ಕೂಟ ಮುಗಿದ ಮೇಲೆ ಅವನನ್ನು ಅಂಗಳದ ಮೂಲೆಗೆ ಎಳೆದುಕೊಂಡು ಹೋಗಿ ಬೈದೆ. ಬಾಯಿಂದ ಜಾರಿತು ಅಕ್ಕ, ನಾಳೆ ಕೋಚ್‌ಗೆ ನಿಜ ಹೇಳುತ್ತೇನಲ್ಲ, ಅಲ್ಲಿಗೆ ಸರಿಹೋಗುತ್ತದೆ ಎಂದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾಳೆಯವರೆಗೆ ಸುಳ್ಳು ಕೈಕಟ್ಟಿ ಕೂತಿರುತ್ತದೆಂದು ಯಾವ ಪೆದ್ದ ನಂಬುತ್ತಾನೆ? ಇವನು ನಂಬಿದ.

ಗುರುವಾರ ಬೆಳಗಾಗುವುದೇ ತಡ, ಊಟ ಬರತೊಡಗಿತು. ಸಾವಿಗೂ ಬಾಣಂತನಕ್ಕೂ ಮಂಡಿಗೂ ನಮ್ಮೂರಲ್ಲಿ ಒಂದೇ ಅಡುಗೆ, ಕೋಳಿ, ನೂಡಲ್ಸ್, ಚೀಸ್ ಹಾಕಿ ಗಾಜಿನ ಪಾತ್ರೆಯಲ್ಲಿ ಬೇಯಿಸಿದ್ದು. ಪಾತ್ರೆಯ ತಳದಲ್ಲಿ ಟೇಪು ಅಂಟಿಸಿ ಮನೆಯೊಡತಿಯ ಹೆಸರು. ತಿಂದ ಮೇಲೆ ಅದನ್ನು ತೊಳೆದು, ಅವರವರ ಮನೆಗೆ ಹೋಗಿ, ಒಂದು ಒಳ್ಳೆಯ ಮಾತಾಡಿ ಕೊಟ್ಟುಬರಬೇಕು. ನೆಲ್ಡಾಳ ಅಡುಗೆಕಟ್ಟೆಯ ಮೇಲೆ ಆ ಪಾತ್ರೆಗಳು ಸಾಲುಗಟ್ಟಿದವು. ಅವಳು ಒಂದನ್ನೂ ಬಾಯಿಗಿಡಲಿಲ್ಲ. ನಾನು ತಿಂದೆ, ಬಿಸಾಡುವುದು ಇನ್ನೂ ದೊಡ್ಡ ಪಾಪ.

ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಡೆಲ್ಬರ್ಟ್ ಲಾರಿ ನಿಲ್ಲಿಸಿ, ಕೋಚ್ ಬಳಿ ಹೋಗಲೆಂದು ಮುಖ ತೊಳೆಯುತ್ತಿದ್ದಾಗ, ಕೋಚ್ ಸ್ಟೀಡ್‌ಮನ್ ತಾವೇ ಬಂದುಬಿಟ್ಟರು. ಕೈಯಲ್ಲಿ ಮಂಜುಗಡ್ಡೆಯ ಚೀಲ, ಮಂಡಿಗೆ ಕಟ್ಟುವ ಪಟ್ಟಿ. ಕೆಟ್ಟ ಮನುಷ್ಯರಲ್ಲ ಅವರು. ಕೆಟ್ಟವರಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಸೋಫಾದ ತುದಿಯಲ್ಲಿ ಕೂತು, ಹುಡುಗ ಎಲ್ಲಿ, ಒಂದು ಸಲ ನೋಡುತ್ತೇನೆ ಎಂದರು. ಡೆಲ್ಬರ್ಟ್‌ನದು ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವನ ಗತಿ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಕೋಲ್ಬಿ ಕೋಣೆಯ ಬಾಗಿಲಿಗೆ ಬಂದು ನಿಂತ. ಬೆಳಗ್ಗಿನಿಂದ ಊಟ ಬರುತ್ತಿದ್ದದ್ದು ಯಾಕೆಂದು ಅವನಿಗೆ ಅಷ್ಟು ಹೊತ್ತಿಗೆ ಗೊತ್ತಾಗಿತ್ತು. ಕೋಚ್ ಕೈಯಲ್ಲಿದ್ದ ಪಟ್ಟಿ ನೋಡಿದ. ಆಮೇಲೆ ಅಪ್ಪನ ಮುಖ ನೋಡಿದ. ನಾನೂ ಆ ಮುಖ ನೋಡಿದೆ. ಹೇಳಬೇಡ ಎಂದು ಅಂಗಲಾಚುತ್ತಿತ್ತು ಅದು. ಅಪ್ಪನಾದವನು ಮಗನ ಮುಂದೆ ಹಾಗೆ ಅಂಗಲಾಚಬಾರದು.

ಹುಡುಗ ಒಂದು ಗಳಿಗೆ ನಿಂತ. ಬಳಿಕ ಎಡಗಾಲು ಎಳೆಯುತ್ತಾ, ಕುಂಟಿಕೊಂಡು, ಸೋಫಾದವರೆಗೆ ನಡೆದು ಬಂದ.

ಕೋಚ್‌ಗಳೆಲ್ಲ ಅರ್ಧ ಡಾಕ್ಟರುಗಳು ತಾನೇ. ಮಂಡಿಯನ್ನು ಅತ್ತ ಇತ್ತ ಒತ್ತಿ ನೋಡಿ, ಊತವಿಲ್ಲ, ಒಳಗೆಲ್ಲೋ ಉಳುಕಿದೆ, ಕೆಲವು ವಾರ ಆಡುವುದು ಬೇಡ ಎಂದು ತಾವೇ ತೀರ್ಪು ಕೊಟ್ಟರು. ಆದರೆ ಶುಕ್ರವಾರ ಜರ್ಸಿ ಹಾಕಿಕೊಂಡು ತಂಡದ ಜೊತೆ ಅಂಚಿನಲ್ಲಿ ನಿಲ್ಲಬೇಕು, ಪೆಟ್ಟಾದವನೂ ತಂಡದವನೇ ಎಂದರು. ಆಟ ಬಿಡಲು ಹೊರಟ ಹುಡುಗ ಹೀಗೆ ಇನ್ನೂ ಬಿಗಿಯಾಗಿ ಸಿಕ್ಕಿಕೊಂಡ. ಡೆಲ್ಬರ್ಟ್ ಕೋಚ್‌ರನ್ನು ಗೇಟಿನವರೆಗೆ ಬಿಟ್ಟು, ಥ್ಯಾಂಕ್ಸ್ ಹೇಳಿ ಬಂದ.

ಆಮೇಲಿನ ವಾರಗಳನ್ನು ನೆನೆದರೆ ನನಗೆ ಈಗಲೂ ಮೈ ಹಿಡಿಯಾಗುತ್ತದೆ. ಡೆಲ್ಬರ್ಟ್ ಯಾವ ಹಿತ್ತಲಿಗೆ ಲಾರಿ ತಿರುಗಿಸಿದರೂ ಮಂಡಿ ಹೇಗಿದೆ ಎಂದು ಕೇಳುತ್ತಿದ್ದರು. ಒಬ್ಬರು ಕುದುರೆಗೆ ಹಚ್ಚುವ ಮುಲಾಮು ಕೊಟ್ಟರು, ಇನ್ನೊಬ್ಬರು ತಾವೇ ಬಳಸುತ್ತಿದ್ದ ಊರುಗೋಲು. ಅವನು ಎಲ್ಲವನ್ನೂ ತಂದು ಲಾರಿಯ ಸೀಟಿನ ಹಿಂದೆ ಹಾಕುತ್ತಿದ್ದ. ಜನ ಮನೆಯಲ್ಲಿರದ ಹೊತ್ತು ನೋಡಿಕೊಂಡು ಗ್ಯಾಸ್ ತುಂಬಲು ಶುರುಮಾಡಿದ, ಕಳ್ಳನಂತೆ. ನೆಲ್ಡಾ ಪಾತ್ರೆಗಳನ್ನು ತೊಳೆದು ಮನೆಮನೆಗೆ ಮುಟ್ಟಿಸಿದಳು. ಯಾರ ಮುಂದೆಯೂ ಮಂಡಿ ಎಂಬ ಶಬ್ದ ಅವಳ ಬಾಯಿಂದ ಬರಲಿಲ್ಲ, ಅಡುಗೆ ಚೆನ್ನಾಗಿತ್ತು ಎಂದಷ್ಟೇ ಹೇಳಿ ತಿರುಗುತ್ತಿದ್ದಳು. ತಿನ್ನದ ಅಡುಗೆಯ ಬಗ್ಗೆ ಅಷ್ಟು ಸುಳ್ಳು ಅವಳಿಗೂ ಅನಿವಾರ್ಯವಾಯಿತು.

ಹುಡುಗ ಶಾಲೆಯಲ್ಲೂ ಕುಂಟಬೇಕಲ್ಲ. ಒಂದು ದಿನ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ಬಂದಾಗ ಬಲಗಾಲು ಎಳೆಯುತ್ತಿದ್ದ. ನಾನು ಆಲೂಗಡ್ಡೆ ಬಡಿಸುವಂತೆ ಬಗ್ಗಿ, "ಎಡಗಾಲು ಕಣೋ, ಎಡಗಾಲು," ಎಂದು ಪಿಸುಗುಟ್ಟಿದೆ. "ಗೊತ್ತು ಅತ್ತೆ, ಮರೆತುಹೋಯ್ತು," ಎಂದ. ನಗಲಿಲ್ಲ. ಮೊದಲಾಗಿದ್ದರೆ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದೆವು.

ಮನೆಯೊಳಗೆ ಮಾತ್ರ ಡೆಲ್ಬರ್ಟ್ ಮಗನನ್ನು ಅಂಗೈಯಲ್ಲಿಟ್ಟು ನೋಡಿಕೊಂಡ. ನಿನ್ನ ನಿರ್ಧಾರ ಸರಿ ಮಗಾ, ನಾನು ನಿನ್ನ ಕಡೆಯೇ ಎಂದು ದಿನಾ ಹೇಳುತ್ತಿದ್ದ. ಬಾಗಿಲು ಮುಚ್ಚಿದ್ದಾಗ ಮಾತ್ರ ಹೇಳುತ್ತಿದ್ದ. ಹೊರಗೆ ಹಲಗೆ ನೆಟ್ಟಲ್ಲೇ ಇತ್ತು, ಶುಕ್ರವಾರ ಅವನು ಸರಪಳಿಯವರ ಪಟ್ಟೆ ಅಂಗಿ ತೊಟ್ಟು ಕೋಲು ಹಿಡಿದು ಹೋಗುತ್ತಿದ್ದ. ಅವನಿಂದ ನಾಲ್ಕು ಮಾರು ದೂರದಲ್ಲಿ ಮಗ ಜರ್ಸಿ ತೊಟ್ಟು, ಮಂಡಿಗೆ ಪಟ್ಟಿ ಕಟ್ಟಿ, ಏನೂ ಆಗದ ಕಾಲನ್ನು ಸೋತ ಕಾಲಿನಂತೆ ಇಟ್ಟು ನಿಲ್ಲುತ್ತಿದ್ದ. ಅಡುಗೆಮನೆಯಲ್ಲಿ ಕೊಡುವ ಬೆಂಬಲಕ್ಕೆ ಏನು ಬೆಲೆ ಎಂದು ನಾನು ಕೇಳಿದೆ. ಸೀಸನ್ ಮುಗಿಯಲಿ ಅಕ್ಕ, ತಾನಾಗೇ ಎಲ್ಲ ಮರೆಯುತ್ತಾರೆ ಎಂದ. ನಾಚಿಕೆ ನನಗೇ ಆಯಿತು. ಇವನನ್ನು ಎತ್ತಿ ಆಡಿಸಿದವಳು ನಾನು.

ಹೀಗೆ ನಿಂತ ಮೂರನೆಯ ಶುಕ್ರವಾರ ಪಕ್ಕದ ತಾಲೂಕಿನ ತಂಡ ಬಂದಿತ್ತು. ನಾನು ಗ್ಯಾಲರಿಯ ಕೆಳಗಿನ ಸಾಲಿನಲ್ಲಿದ್ದೆ. ಸರಪಳಿಯವರಿಗೆ ಒಂದು ನಿಯಮವಿದೆ. ಆಟಗಾರರು ತಮ್ಮ ಕಡೆ ನುಗ್ಗಿ ಬಂದರೆ ಕೋಲು ಅಲ್ಲೇ ಬೀಳಿಸಿ ಹಿಂದಕ್ಕೆ ಸರಿಯಬೇಕು. ಇಷ್ಟು ವರ್ಷದಲ್ಲಿ ಡೆಲ್ಬರ್ಟ್ ಒಮ್ಮೆಯೂ ತಪ್ಪಿರಲಿಲ್ಲ. ಆದರೆ ಅಂದು ಅವನು ಆಟ ನೋಡುತ್ತಿರಲಿಲ್ಲ, ಮಗನನ್ನು ನೋಡುತ್ತಿದ್ದ. ಚೆಂಡು ಹಿಡಿದ ಹುಡುಗನೊಬ್ಬ ಗೆರೆಯತ್ತ ಓಡಿ ಬಂದ, ಅವನ ಬೆನ್ನಿಗೆ ನಮ್ಮ ಮೂವರು ಬಿದ್ದಿದ್ದರು. ನಾಲ್ಕು ಹೆಲ್ಮೆಟ್ಟುಗಳು ನೇರ ನನ್ನ ತಮ್ಮನ ಮೇಲೆ ಬರುತ್ತಿದ್ದವು. ಅವನು ಕೋಲು ಹಿಡಿದು ಕಲ್ಲಿನಂತೆ ನಿಂತಿದ್ದ.

ಕೋಲ್ಬಿ ಓಡಿದ. ನೀರಿನ ಕ್ಯಾನುಗಳ ಮೇಲಿಂದ ಹಾರಿ, ನಾಲ್ಕು ಮಾರನ್ನು ಎರಡು ನೆಗೆತದಲ್ಲಿ ದಾಟಿ, ಅಪ್ಪನ ಅಂಗಿ ಹಿಡಿದು ಹಿಂದಕ್ಕೆ ಎಸೆದ. ಇಬ್ಬರೂ ಹುಲ್ಲಿನ ಮೇಲೆ ಉರುಳಿದರು. ಡೆಲ್ಬರ್ಟ್ ನಿಂತಿದ್ದ ಜಾಗದಲ್ಲಿ ಆ ನಾಲ್ವರೂ ಬಂದು ಬಿದ್ದರು, ಅವರಡಿಯಲ್ಲಿ ಕೋಲು.

ಮುಗಿಯಿತು, ಗುಟ್ಟು ರಟ್ಟಾಯಿತು ಎಂದು ನಾನು ಕಣ್ಣು ಮುಚ್ಚಿದೆ. ಆಗ ನನ್ನ ಹಿಂದಿನಿಂದ ಓರ್ವಲ್ ತಾತನ ನಡುಗುವ ದನಿ ಕೇಳಿತು.

"ಓಡಿದ. ನೋಡ್ರೋ, ಹುಡುಗ ಓಡಿದ. ದೇವ್ರು ನಮ್ ಮಾತು ಕೇಳ್ದ ಕಣ್ರೋ."

ಸುಳ್ಳು ಸಿಕ್ಕಿಬಿದ್ದಿದ್ದರೆ ಚೆನ್ನಾಗಿತ್ತು. ಸಿಕ್ಕಿಬೀಳಲಿಲ್ಲ, ಪವಾಡವಾಯಿತು. ಜನ ಎದ್ದು ನಿಂತರು. ಹೆಂಗಸರು ಅಳತೊಡಗಿದರು, ಬ್ರದರ್ ಗೇಲನ್ ಎರಡೂ ಕೈ ಎತ್ತಿದರು. ಕೋಚ್ ಓಡಿಬಂದು ಹುಲ್ಲಿನ ಮೇಲೆ ಕೂತು, ನೋವಿದೆಯೇ ಎಂದು ಮಂಡಿ ಒತ್ತಿದರು. ಕೋಲ್ಬಿ ಅಪ್ಪನ ಕಡೆ ನೋಡಿ, ಇಲ್ಲ ಕೋಚ್ ಎಂದ. ಆ ವಾರಗಳಲ್ಲಿ ಆ ಮಂಡಿಯ ಬಗ್ಗೆ ಯಾರಾದರೂ ಆಡಿದ ನಿಜವೆಂದರೆ ಅದೊಂದೇ. ಡೆಲ್ಬರ್ಟ್ ಎದ್ದು ಕೋಲು ಎತ್ತಿಕೊಂಡು ತಪ್ಪು ಜಾಗದಲ್ಲಿ ನೆಟ್ಟ. ರೆಫರಿ ಬಂದು ಸರಿಮಾಡಿಸಬೇಕಾಯಿತು.

ಶನಿವಾರ ಬೆಳಿಗ್ಗೆ ಬ್ರದರ್ ಗೇಲನ್ ಫೋನ್ ಮಾಡಿದರು. ಭಾನುವಾರ ಅಪ್ಪ ಮಗ ಇಬ್ಬರೂ ಮುಂದೆ ಬಂದು ನಿಲ್ಲಬೇಕು, ದೇವರು ಮಾಡಿದ್ದನ್ನು ಸಭೆಗೆ ಹೇಳಬೇಕು. ಡೆಲ್ಬರ್ಟ್ ಫೋನ್ ಇಟ್ಟು ಕುರ್ಚಿಯ ಮೇಲೆ ಕುಸಿದ. ಅಷ್ಟು ದಿನ ಹಲ್ಲು ಕಚ್ಚಿದ್ದ ನೆಲ್ಡಾ ಆಗ ಬಾಯಿ ಬಿಟ್ಟಳು.

"ಊರಿಗೆ ಸುಳ್ಳು ಹೇಳಿದ್ರಿ, ಸುಮ್ನಿದ್ದೆ. ನಾಳೆ ದೇವ್ರ ಹೆಸರಲ್ಲಿ ಹೇಳ್ತೀರಾ? ಅದೂ ಮಗನ್ನ ಪಕ್ಕದಲ್ಲಿ ನಿಲ್ಲಿಸ್ಕೊಂಡು?"

ಅವನು ಉತ್ತರ ಕೊಡುವ ಮೊದಲೇ ಕೋಲ್ಬಿ ಮಾತಾಡಿದ. "ಬಿಡಮ್ಮ. ಅಪ್ಪ ಏನೂ ಹೇಳೋದು ಬೇಡ. ಸೋಮವಾರದಿಂದ ಆಡ್ತೀನಿ. ಮುಂದಿನ ವರ್ಷನೂ ಆಡ್ತೀನಿ. ಎಲ್ರೂ ಸುಮ್ನಾಗಿ." ಹೇಳಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡ. ಅವನು ವಾಂತಿ ಮಾಡಿಕೊಳ್ಳುವುದು ನಮ್ಮ ಮೂವರಿಗೂ ಕೇಳಿಸಿತು. ಶುಕ್ರವಾರ ಇನ್ನೂ ಎಷ್ಟೋ ದೂರವಿತ್ತು. ಡೆಲ್ಬರ್ಟ್ ನನ್ನ ಮುಖ ನೋಡಿದ. ನಾನು ಸಮಾಧಾನ ಹೇಳಲಿಲ್ಲ. ಅಪ್ಪನ ಮಾನ ಹೊರುವುದಕ್ಕಾ ಮಗ ಹುಟ್ಟಿದ್ದು ಎಂದಷ್ಟೇ ಕೇಳಿ, ಬ್ಯಾಗು ತೆಗೆದುಕೊಂಡು ಮನೆಗೆ ಬಂದೆ.

ಭಾನುವಾರ ಚರ್ಚು ತುಂಬಿತ್ತು. ಎಂದೂ ಬಾರದವರೂ ಬಂದಿದ್ದರು. ಡೆಲ್ಬರ್ಟ್ ಮದುವೆಯ ಕೋಟು ತೊಟ್ಟಿದ್ದ, ಗುಂಡಿ ಹಾಕಲು ಆಗುತ್ತಿರಲಿಲ್ಲ. ಅಪ್ಪ ಮಗ ಮುಂದೆ ಹೋಗಿ ನಿಂತರು. ಬ್ರದರ್ ಗೇಲನ್ ಮೈಕನ್ನು ಅವನ ಬಾಯಿಗೆ ಹಿಡಿದರು.

"ಮಂಡಿಗೆ ಏನೂ ಆಗಿರ್ಲಿಲ್ಲ," ಎಂದ ನನ್ನ ತಮ್ಮ. ಮದುವೆಯ ದಿನಕ್ಕಿಂತ ಗಟ್ಟಿಯಾಗಿ ಹೇಳಿದ. "ಮೊದಲಿಂದಾನೂ ಏನೂ ಆಗಿರ್ಲಿಲ್ಲ. ನಾನು ಸುಳ್ಳು ಹೇಳ್ದೆ. ಹುಡುಗನ ತಪ್ಪಿಲ್ಲ. ನೀವು ಅಷ್ಟೊಂದು ಬೇಡ್ಕೊಂಡ್ರಿ, ಊಟ ತಂದ್ರಿ. ನನಗೆ ಮುಖ ಎತ್ತೋಕೆ ಆಗ್ತಿಲ್ಲ."

ಇನ್ನೂ ಏನೋ ಹೇಳುವುದಿತ್ತು. ಬಾಯಿ ತೆರೆದದ್ದು ಕಂಡಿತು, ಬರಲಿಲ್ಲ. ಯಾಕೆ ಸುಳ್ಳು ಹೇಳಿದ ಎಂಬುದು ಗಂಟಲಲ್ಲೇ ಉಳಿಯಿತು. ಕೋಲ್ಬಿ ಪಕ್ಕದಲ್ಲಿ ಕಾಯುತ್ತಾ ನಿಂತಿದ್ದ. ಅಪ್ಪ ಮುಗಿಸಿದನೆಂದು ಗೊತ್ತಾದಾಗ ಅವನು ತಲೆ ಕೆಳಗೆ ಹಾಕಿದ.

ಆಮೇಲೆ ಬ್ರದರ್ ಗೇಲನ್ ಅವನ ಹೆಗಲು ತಬ್ಬಿ, ತಪ್ಪು ಒಪ್ಪಿಕೊಂಡವನನ್ನು ಕ್ಷಮಿಸದಿರಲು ನಾವ್ಯಾರು ಎಂದರು. ಸಭೆ ಎದ್ದು ಸಾಲುಗಟ್ಟಿತು. ಒಬ್ಬೊಬ್ಬರೇ ಬಂದು ಕೈ ಕುಲುಕಿದರು, ಕ್ಷಮಿಸಿದೆ ಎಂದರು, ಕೆಲವರು ಅತ್ತರು. ಇಷ್ಟು ದಿನ ಬೇಡಿದ್ದನ್ನು ನನ್ನ ಮಂಡಿಗೇ ಬೇಡಿಕೊಂಡಿದ್ದರೆ ಕುಣಿಯುತ್ತಿದ್ದೆನಲ್ಲೋ ಎಂದು ಓರ್ವಲ್ ತಾತ ಬೈದು, ಅವನ ಬೆನ್ನು ತಟ್ಟಿದರು. ಸುಳ್ಳುಗಾರನನ್ನು ಕ್ಷಮಿಸಲು ನಮ್ಮ ಜನಕ್ಕೆ ಚೆನ್ನಾಗಿ ಬರುತ್ತದೆ. ಎಲ್ಲರೂ ಒಂದೊಂದು ಹೇಳಿರುತ್ತಾರೆ.

ಅದೇ ಉಸಿರಿನಲ್ಲಿ ಅವರೆಲ್ಲ ಕೋಲ್ಬಿಯ ಕಡೆ ತಿರುಗಿ, ಮಂಡಿ ಸರಿಯಿದೆ ಅಂದಮೇಲೆ ಶುಕ್ರವಾರ ಆಡುತ್ತೀಯಲ್ಲ ಎನ್ನುತ್ತಿದ್ದರು. ಹುಡುಗ ಹೂಂ ಎನ್ನುತ್ತಿದ್ದ. ಡೆಲ್ಬರ್ಟ್ ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದ, ಅರ್ಧ ಭಾರ ಇಳಿಸಿ ಪೂರ್ತಿ ಇಳಿಸಿದೆನೆಂದುಕೊಂಡವನಂತೆ. ಅವನ ಆ ನಗು ನೋಡಿ ನನಗೆ ಸುಳ್ಳಿಗಿಂತ ಹೆಚ್ಚು ನಾಚಿಕೆಯಾಯಿತು.

ಹೊರಬಾಗಿಲಲ್ಲಿ ಕೋಚ್ ಸ್ಟೀಡ್‌ಮನ್ ಕಾಯುತ್ತಿದ್ದರು. ಡೆಲ್ಬರ್ಟ್‌ನ ಕೈ ಕುಲುಕಿ, ಆದದ್ದು ಆಯಿತು ಎಂದರು. ಕೋಲ್ಬಿಯ ಹೆಗಲ ಮೇಲೆ ಕೈಯಿಟ್ಟು, ನಾಳೆ ಮಧ್ಯಾಹ್ನ ಪ್ರ್ಯಾಕ್ಟೀಸಿಗೆ ಬಾ ಎಂದರು. ಕೋಲ್ಬಿ ಸರಿ ಎನ್ನಲು ಹೊರಟ. ಅವನ ಮುಖ ಆ ಎರಡು ವರ್ಷ ಇದ್ದ ಹಾಗೇ ಮತ್ತೆ ಬಿಗಿದುಕೊಂಡಿತು. ಡೆಲ್ಬರ್ಟ್ ಆ ಮುಖ ನೋಡಿದ. ಅವನ ನಗು ನಿಂತಿತು.

"ಇಲ್ಲ ಕೋಚ್," ಎಂದ. "ಅವ್ನು ಬರಲ್ಲ. ಆಟ ಬಿಟ್ಟಿದ್ದಾನೆ."

ಮೆಟ್ಟಿಲ ಮೇಲಿದ್ದ ಜನ ನಿಂತರು. ಯಾಕೆ ಎಂದು ಕೋಚ್ ಕೇಳಿದರು. ಸಿಟ್ಟಿನಿಂದಲ್ಲ, ನಿಜವಾಗಿಯೂ ಅರ್ಥವಾಗದೆ.

"ಇಷ್ಟ ಇಲ್ಲ ಅವ್ನಿಗೆ. ಬೇರೆ ಕಾರಣ ಇಲ್ಲ. ಅದನ್ನ ಹೇಳೋಕೆ ನಾಚ್ಕೆ ಆಗಿ ಮಂಡಿ ಅಂದೆ. ನನ್ ಮಗನ್ ಬಗ್ಗೆ ನಾನು ನಾಚ್ಕೆಪಟ್ಟೆ ಕೋಚ್, ಅದೇ ನಡೆದಿದ್ದು."

ಆ ಮಾತಿಗೆ ಯಾರೂ ಕೈ ಕುಲುಕಲು ಬರಲಿಲ್ಲ. ಮೆಟ್ಟಿಲಿನಲ್ಲಿದ್ದ ಒಬ್ಬಿಬ್ಬರು ಕೆಳಗಿಳಿದು ಕಾರಿನತ್ತ ಹೋದರು. ಕೋಚ್ ಹೆಗಲ ಮೇಲಿನ ಕೈ ತೆಗೆದರು. ನಿಮ್ಮ ಮಾತು ಕೇಳಿದೆ, ಆದರೆ ಇದನ್ನು ಹುಡುಗನ ಬಾಯಲ್ಲೇ ಕೇಳಬೇಕು ಎಂದು ಕೋಲ್ಬಿಯ ಕಡೆ ತಿರುಗಿದರು. ಮೂರು ವಾರ ಮೋಸಹೋದ ಮನುಷ್ಯ ಅಷ್ಟು ಕೇಳುವುದು ನ್ಯಾಯವೇ.

"ಹೌದು ಕೋಚ್. ನಂಗೆ ಇಷ್ಟ ಇಲ್ಲ," ಎಂದ ಕೋಲ್ಬಿ. ದನಿ ಒಡೆಯುತ್ತಿತ್ತು. "ಆವತ್ತೇ ನಿಮ್ಗೆ ಹೇಳ್ಬೇಕಿತ್ತು. ಅಪ್ಪ ಜೊತೆಗೆ ಬರ್ತೀನಿ ಅಂದಿದ್ರು. ಅದಕ್ಕೆ ಕಾಯ್ತಾ ಇದ್ದೆ."

ದೂರು ಹೇಳುವಂತೆ ಹೇಳಲಿಲ್ಲ ಅವನು, ತಡವಾದದ್ದಕ್ಕೆ ಕಾರಣ ಕೊಡುವಂತೆ ಹೇಳಿದ. ನನ್ನ ತಮ್ಮ ಕಪಾಳಕ್ಕೆ ಬಿದ್ದವನಂತೆ ನಿಂತ. ಕಿವಿಯಿಂದ ಕುತ್ತಿಗೆಯವರೆಗೂ ಕೆಂಪಾದ. ಊರೆಲ್ಲ ನೋಡುತ್ತಿತ್ತು. ಇಂಥ ಹೊತ್ತಿನಲ್ಲಿ ಅವನು ಲಾರಿ ಕೆಲಸದ ನೆಪ ಹೇಳಿ ಜಾರಿಕೊಳ್ಳುವವನು, ಅಂದು ಮಗನ ಪಕ್ಕ ಬಿಟ್ಟು ಕದಲಲಿಲ್ಲ.

ಸರಿ ಹಾಗಾದರೆ, ಜರ್ಸಿ ಒಗೆದು ನಾಳೆ ನನ್ನ ಕೋಣೆಗೆ ತಂದುಕೊಡು ಎಂದು ಹೇಳಿ ಕೋಚ್ ಮೆಟ್ಟಿಲಿಳಿದು ಹೋದರು.

ಸೋಮವಾರ ಜರ್ಸಿ ಕೊಡಲು ಅಪ್ಪ ಮಗ ಇಬ್ಬರೂ ಹೋದರು.